ಹರಾಜು ಕಟ್ಟೆಯ ಕೆಂಪು ಕೂದಲಿನವಳು

ಅಮೆರಿಕಾದಲ್ಲಿರುವ ಮಗನ ಮನೆಗೋ, ಮಗಳ ಬಾಣಂತನಕ್ಕೋ ಹೋಗಿ ಬಂದವರು ಫೋಟೋ ತೋರಿಸಲು ಕೂತರೆ ಅದರಲ್ಲಿ ಡಿಸ್ನಿಲ್ಯಾಂಡಿನದೊಂದು ಇದ್ದೇ ಇರುತ್ತದೆ, ಅಲ್ಲವೇ? ಹಿಂದೆ ಅರಮನೆ, ಮುಂದೆ ಸೀರೆಯ ಮೇಲೆ ಸ್ವೆಟರು, ಕಾಲಿಗೆ ಬೂಟು! ನೋಡ್ತೀವಿ, ನಗ್ತೀವಿ, ಕಾಫಿ ಕುಡಿದು ಮನೆಗೆ ಬರ್ತೀವಿ. ಆದರೆ ಆ ಜಾಗವನ್ನು ಪ್ರಾಣದಂತೆ ಪ್ರೀತಿಸುವ ಜನ, ಒಂದು ಹೆಣ್ಣು ಗೊಂಬೆಯ ಸಲುವಾಗಿ ಎರಡು ಪಂಗಡವಾಗಿ ವರ್ಷಗಟ್ಟಲೆ ಜಗಳವಾಡಿದ್ದಾರೆ ಅಂದರೆ ನಂಬ್ತೀರಾ? ಈ ಸಲ ಆ ವಿಷಯವನ್ನೇ ಹೇಳೋಣ ಅಂತಿದ್ದೇನೆ ಗೆಳತಿಯರೇ.

ಡಿಸ್ನಿಲ್ಯಾಂಡ್ ಇರುವುದು ಕ್ಯಾಲಿಫೋರ್ನಿಯಾದ ಅನಹೈಮ್ ಎಂಬ ಊರಿನಲ್ಲಿ. ಮಿಕ್ಕಿ ಮೌಸ್ ಖ್ಯಾತಿಯ ವಾಲ್ಟ್ ಡಿಸ್ನಿ ಅದನ್ನು ತೆರೆದದ್ದು 1955ರ ಜುಲೈನಲ್ಲಿ. ಅಲ್ಲಿ ಒಂದು ದೋಣಿ ಸವಾರಿ ಇದೆ, ಹೆಸರು 'ಪೈರೇಟ್ಸ್ ಆಫ್ ದಿ ಕೆರಿಬಿಯನ್'. ಪೈರೇಟ್ಸ್ ಅಂದರೆ ಕಡಲ್ಗಳ್ಳರು. ಕತ್ತಲಲ್ಲಿ ದೋಣಿ ಎರಡು ಸಲ ಧುಮ್ಮಿಕ್ಕುತ್ತದೆ. ಅಸ್ಥಿಪಂಜರಗಳಿರುವ ಗುಹೆ ದಾಟಿದ ಮೇಲೆ ಕಡಲ ತೀರದ ಒಂದು ಊರು ಕಾಣುತ್ತದೆ. ಕಳ್ಳರು ಆ ಊರನ್ನು ಲೂಟಿ ಮಾಡ್ತಿದ್ದಾರೆ, ಬೆಂಕಿ ಇಡ್ತಿದ್ದಾರೆ, ಕುಡಿದು ಹಾಡ್ತಿದ್ದಾರೆ. ಎಲ್ಲವೂ ಗೊಂಬೆಗಳೇ. ನಮ್ಮ ನವರಾತ್ರಿ ಗೊಂಬೆಗಳನ್ನು ಆಳೆತ್ತರಕ್ಕೆ ಮಾಡಿ, ಒಳಗೆ ಯಂತ್ರ ಕೂರಿಸಿ, ಕೈ ಕಾಲು ಬಾಯಿ ಆಡುವ ಹಾಗೆ ಮಾಡಿದರೆ ಹೇಗಿರುತ್ತೋ ಹಾಗೆ ಅಂದುಕೊಳ್ಳಿ. ನೂರಕ್ಕೂ ಮಿಕ್ಕಿದ ಗೊಂಬೆಗಳು, ಸುಮಾರು ಕಾಲು ಗಂಟೆಯ ಪ್ರಯಾಣ.

ಇದು ಶುರುವಾದದ್ದು 1967ರ ಮಾರ್ಚ್ 18ರಂದು. ವಾಲ್ಟ್ ಡಿಸ್ನಿ ತೀರಿಕೊಂಡದ್ದು 1966ರ ಡಿಸೆಂಬರಿನಲ್ಲಿ. ತಾನೇ ಮುಂದೆ ನಿಂತು ಮಾಡಿಸಿದ್ದನ್ನು ಪೂರ್ತಿಯಾಗಿ ನೋಡುವ ಭಾಗ್ಯ ಪುಣ್ಯಾತ್ಮನಿಗೆ ಇರಲಿಲ್ಲ. ಅದಕ್ಕೇ ಅಭಿಮಾನಿಗಳಿಗೆ ಈ ಸವಾರಿಯೆಂದರೆ ಅಷ್ಟು ಭಕ್ತಿ. ಒಂದು ಮೊಳೆ ಕಿತ್ತರೂ ಅವರಿಗೆ ಗೊತ್ತಾಗುತ್ತದೆ!

ಜಗಳಕ್ಕೆ ಬರುವ ಮೊದಲು ಒಬ್ಬ ಹೆಣ್ಣುಮಗಳ ವಿಷಯ ಹೇಳಲೇಬೇಕು. ಆ ಗೊಂಬೆಗಳಿಗೆಲ್ಲ ಬಟ್ಟೆ ಹೊಲಿಸಿದಾಕೆ ಆಲಿಸ್ ಡೇವಿಸ್. ದೃಶ್ಯಗಳ ಚಿತ್ರ ಬರೆದ ಮಾರ್ಕ್ ಡೇವಿಸ್ ಅವರ ಹೆಂಡತಿ. ಪ್ರತಿ ಗೊಂಬೆಗೂ ಎರಡೆರಡು ಜೊತೆ ಬಟ್ಟೆ ಇರಲಿ ಅಂತ ಆಕೆ ಕೇಳಿದರಂತೆ. ಲೆಕ್ಕದವರು ಖರ್ಚು ಜಾಸ್ತಿ, ಒಂದೇ ಸಾಕು ಅಂದರಂತೆ. ಆಕೆ ಏನು ಮಾಡಿದರು ಗೊತ್ತೇ? ಎರಡನೇ ಜೊತೆಯ ಖರ್ಚನ್ನೂ ಮೊದಲನೆಯದರ ಲೆಕ್ಕದೊಳಗೇ ಸೇರಿಸಿ, ಹೊಲಿಸಿ, ಗುಟ್ಟಾಗಿ ಎತ್ತಿಟ್ಟರು. ಆಮೇಲೆ ಬೆಂಕಿ ಬಿದ್ದು ಬಟ್ಟೆಗಳು ಹಾಳಾದಾಗ ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತರೆ, ಈಕೆ ಎತ್ತಿಟ್ಟದ್ದನ್ನು ತೆಗೆದುಕೊಟ್ಟರು! ಆಕೆಯೇ ಹೇಳಿಕೊಳ್ಳುತ್ತಿದ್ದ ಕಥೆ ಇದು. ದಿನಸಿ ದುಡ್ಡಿನಲ್ಲೇ ಉಳಿಸಿ ಸಾಸಿವೆ ಡಬ್ಬಿಯಲ್ಲಿ ಇಡುವ ನಮಗೆ ಇದರಲ್ಲಿ ಆಶ್ಚರ್ಯವೇನಿದೆ, ಹೇಳಿ. 2022ರಲ್ಲಿ, ತೊಂಬತ್ತು ದಾಟಿದ ಮೇಲೆ ತೀರಿಕೊಂಡರು.

ಈಗ ಆ ಕೆಂಪು ಕೂದಲಿನವಳ ವಿಷಯ. ಊರ ನಡುವೆ ಒಂದು ಹರಾಜು ಕಟ್ಟೆ. ಅಲ್ಲಿ ಮಾರಾಟಕ್ಕಿದ್ದದ್ದು ಬೆಳ್ಳಿಯಲ್ಲ, ಬಟ್ಟೆಯಲ್ಲ, ಆ ಊರಿನ ಹೆಂಗಸರು! ಮದುವೆಗೆ ಹೆಣ್ಣು ಕೊಳ್ಳಿ ಎಂಬ ಅರ್ಥದ ಬಟ್ಟೆಯ ಫಲಕವನ್ನು ಮೇಲೆ ಕಟ್ಟಿತ್ತು. ಕಟ್ಟೆಯ ಮೇಲೆ ಒಬ್ಬ ದಪ್ಪ ಹೆಂಗಸು, ಅವಳ ದಪ್ಪವನ್ನೇ ಹಿಡಿದು ಹರಾಜು ಕೂಗುವವನ ಕುಚೋದ್ಯ. ಅವಳ ಹಿಂದೆ ಕೆಂಪು ಲಂಗ, ಗರಿಯ ಟೋಪಿ, ಕೆಂಪು ಕೂದಲಿನ ಒಬ್ಬಳು ಸೊಂಟ ಬಳುಕಿಸಿ ನಿಂತಿರುತ್ತಿದ್ದಳು. ಎದುರಿನ ಕುಡುಕರಿಗೆ ದಪ್ಪನವಳು ಬೇಡ, ಈ ಕೆಂಪು ಕೂದಲಿನವಳೇ ಬೇಕು ಅಂತ ಗದ್ದಲ. ಅವಳ ಹಿಂದೆ ಹಗ್ಗ ಕಟ್ಟಿಸಿಕೊಂಡು ಅಳುತ್ತಾ ನಿಂತ ಮತ್ತಷ್ಟು ಹೆಂಗಸರು. ದೋಣಿಯಲ್ಲಿ ಕೂತವರು ಇದನ್ನು ನೋಡಿ ನಗುತ್ತಾ ಮುಂದೆ ಸಾಗುತ್ತಿದ್ದರು. ಹೀಗೆ ಐವತ್ತು ವರ್ಷ!

ಮುಂದಿನ ದೃಶ್ಯದಲ್ಲಿ ಕಳ್ಳರು ಹೆಂಗಸರನ್ನು ಮನೆ ಸುತ್ತ ಅಟ್ಟಿಸಿಕೊಂಡು ಓಡುವುದಿತ್ತು. ಅದನ್ನು 1997ರಲ್ಲೇ ಬದಲಾಯಿಸಿದರು. ಹೆಂಗಸರ ಕೈಗೆ ತಿಂಡಿಯ ತಟ್ಟೆ ಕೊಟ್ಟು, ಕಳ್ಳರು ಓಡುವುದು ಊಟಕ್ಕಾಗಿ ಅಂತ ಮಾಡಿದರು. ಏನು ಜಾಣತನ ನೋಡಿ! ಈ ಸವಾರಿಯ ಮಾತು, ಹಾಡು ಬರೆದ ಎಕ್ಸ್ ಅಟೆನ್ಸಿಯೋ ಅವರೇ, ನಮ್ಮ ಕಡಲ್ಗಳ್ಳರನ್ನು ಬಾಯ್ ಸ್ಕೌಟ್ ಹುಡುಗರನ್ನಾಗಿ ಮಾಡಿಬಿಟ್ಟರು ಅಂತ ಚುಚ್ಚಿದ್ದರು. 2003ರಲ್ಲಿ ಇದೇ ಹೆಸರಿನ ಸಿನಿಮಾ ಬಂದು ಗೆದ್ದಿತಲ್ಲ, 2006ರಲ್ಲಿ ಅದರ ನಾಯಕ ಜ್ಯಾಕ್ ಸ್ಪ್ಯಾರೋನ ಗೊಂಬೆಯನ್ನೂ ತಂದು ನಿಲ್ಲಿಸಿದರು. ಅದಕ್ಕೂ ಗೊಣಗಾಟ ಆಯಿತೆನ್ನಿ. ಆದರೆ ದೊಡ್ಡ ರಂಪ ಆದದ್ದು 2017ರಲ್ಲಿ, ಹರಾಜನ್ನೇ ತೆಗೆಯುತ್ತೇವೆ ಅಂತ ಕಂಪೆನಿಯವರು ಸಾರಿದಾಗ. 2018ರಲ್ಲಿ ಫ್ಲಾರಿಡಾದಲ್ಲೂ ಕ್ಯಾಲಿಫೋರ್ನಿಯಾದಲ್ಲೂ ತೆಗೆದೇಬಿಟ್ಟರು. ಈಗ ಅಲ್ಲಿ ಹರಾಜಾಗುವುದು ಊರವರಿಂದ ಕಿತ್ತ ಸಾಮಾನು. ದಪ್ಪ ಹೆಂಗಸಿನ ಕೈಯಲ್ಲಿ ಕೋಳಿಗಳು. ಕೆಂಪು ಕೂದಲಿನವಳು ತಾನೇ ಕಡಲ್ಗಳ್ಳಿಯಾಗಿ ಬಂದೂಕು ಹಿಡಿದಿದ್ದಾಳೆ, ಹೆಸರು ರೆಡ್. ಕುಡುಕರು ಈಗ ಕೂಗುವುದು ರಮ್ಮಿಗಾಗಿ.

ಬೇಡ ಅಂದವರ ವಾದವನ್ನು ಸುಮ್ಮನೆ ತಳ್ಳಿಹಾಕುವ ಹಾಗಿಲ್ಲ. ಅವರಲ್ಲಿ ಹೆಂಗಸರೂ ಇದ್ದರು. ಅಮ್ಮನ ತೊಡೆಯ ಮೇಲೆ ಕೂತು ನೋಡಿದ ಸವಾರಿ, ಈಗ ನನ್ನ ಮಗುವಿಗೆ ಅದೇ ಬೇಕು ಅನ್ನುವ ಆಸೆ ಯಾರಿಗಿರಲ್ಲ? ಹಗ್ಗ ಕಟ್ಟಿದ್ದರೂ ತಲೆ ಎತ್ತಿ ನಿಂತವಳು ಅಂತ ಆ ಕೆಂಪು ಕೂದಲಿನವಳನ್ನು ಮೆಚ್ಚಿ, ಅವಳಂತೆ ವೇಷ ಹಾಕಿಕೊಂಡು ಬರುತ್ತಿದ್ದವರೂ ಉಂಟು. ಇನ್ನೊಂದು ಪ್ರಶ್ನೆ ಕೇಳಿದರು: ಇದೇ ಸವಾರಿಯಲ್ಲಿ ಊರು ಸುಡ್ತಾರೆ, ಊರ ಮುಖ್ಯಸ್ಥನನ್ನು ಬಾವಿಗೆ ಮುಳುಗಿಸಿ ಹಿಂಸೆ ಕೊಡ್ತಾರೆ, ಅದಕ್ಕೆಲ್ಲ ನಗಬಹುದು, ಇದೊಂದಕ್ಕೆ ಮಾತ್ರ ನಗಬಾರದೋ? ಕಳ್ಳರು ಕಳ್ಳರ ಹಾಗೇ ಇರಬೇಡವೇ?

ಒಳ್ಳೆಯ ಪ್ರಶ್ನೆಯೇ. ನನಗೆ ತೋರುವುದು ಇಷ್ಟು: ಮನೆಗೆ ಕಡಲ್ಗಳ್ಳರು ನುಗ್ಗಿ ಬೆಂಕಿ ಇಟ್ಟಾರು ಅಂತ ಆ ದೋಣಿಯಲ್ಲಿ ಕೂತ ಯಾರಿಗೂ ಭಯವಿಲ್ಲ. ಅದಕ್ಕೇ ನಗು ಬರುತ್ತೆ. ಆದರೆ ಸಾಲಾಗಿ ನಿಲ್ಲಿಸಿ, ಮೈ ನೋಡಿ, ಇವಳು ದಪ್ಪ, ಇವಳು ಚೆಲುವೆ ಅಂತ ಬೆಲೆ ಕಟ್ಟುವುದು ಹಳೆಯ ಕಥೆಯಲ್ಲವಲ್ಲ. ಚಾಪೆಯ ಮೇಲೆ ಕೂರಿಸಿ ಹಾಡು ಹೇಳಿಸಿ, ನಡೆಸಿ ನೋಡಿ, ಬಣ್ಣ ಕಮ್ಮಿ ಅಂತ ಇನ್ನೆರಡು ತೊಲ ಜಾಸ್ತಿ ಕೇಳಿದ್ದನ್ನು ನಮ್ಮಲ್ಲಿ ಎಷ್ಟು ಜನ ಕಂಡಿಲ್ಲ? ವರದಕ್ಷಿಣೆ ನಿಷೇಧದ ಕಾಯಿದೆ ಬಂದದ್ದು 1961ರಲ್ಲಿ, ಈ ಸವಾರಿಗಿಂತ ಮೊದಲು! ಆ ದೃಶ್ಯದ ವಿವರ ಓದಿದಾಗ ನನ್ನ ಕಣ್ಣು ಹೋದದ್ದು ಕೆಂಪು ಲಂಗದವಳ ಕಡೆಗಲ್ಲ. ಸಾಲಿನ ಕೊನೆಯಲ್ಲಿ ಅಳುತ್ತಿದ್ದವಳ ಕಡೆಗೆ. ಅವಳಂತೆ ವೇಷ ಹಾಕಿಕೊಂಡು ಬಂದವರ ಸುದ್ದಿಯನ್ನು ನಾನಂತೂ ಎಲ್ಲೂ ಓದಲಿಲ್ಲ.

ವಾಲ್ಟ್ ಡಿಸ್ನಿ ಮಾಡಿಸಿದ್ದು, ಮುಟ್ಟಬಾರದು ಅನ್ನುವ ವಾದ ಮಾತ್ರ ನನಗೆ ಒಪ್ಪಿಗೆಯಿಲ್ಲ. ಅಪ್ಪ ಹಾಕಿದ ಆಲದ ಮರ ಅಂತ ನೇಣು ಹಾಕಿಕೊಳ್ಳೋಕಾಗುತ್ತಾ? ಜಗತ್ತಿನಲ್ಲಿ ಕಲ್ಪನೆ ಇರುವ ತನಕ ಡಿಸ್ನಿಲ್ಯಾಂಡ್ ಪೂರ್ಣ ಆಗುವುದಿಲ್ಲ ಅಂತ ಹೇಳಿದವನೂ ಆತನೇ. ಸ್ವಾರಸ್ಯ ಏನೆಂದರೆ ಎರಡೂ ಪಂಗಡದವರು ಸಾಕ್ಷಿಗೆ ಕರೆಯುವುದು ಅವನನ್ನೇ!

ಹಾಗಂತ ಹೊಸ ದೃಶ್ಯ ನನಗೆ ಪೂರಾ ಹಿಡಿಸಿದೆ ಅಂತಲೂ ಅಲ್ಲ. ಹೆಂಗಸಿಗೆ ಬಂದೂಕು ಕೊಡುವುದು ಹೊಸ ಕಾಲದ ಅತಿರೇಕ ಅಂತ ಕೆಲವರು ಮೂಗು ಮುರಿದರು. ಅದು ಸರಿಯಲ್ಲ. ಕ್ಯಾಲಿಫೋರ್ನಿಯಾದ ಗುಹೆಯೊಳಗೆ ಮಾರ್ಕ್ ಡೇವಿಸ್ ಬರೆದ ಕೆಂಪು ಕೂದಲಿನ ಕಡಲ್ಗಳ್ಳಿಯ ಚಿತ್ರ ಮೊದಲೇ ತೂಗುಹಾಕಿತ್ತು. ನಿಜವಾದ ಕೆರಿಬಿಯನ್ ಸಮುದ್ರದಲ್ಲೂ ಆನ್ ಬಾನಿ, ಮೇರಿ ರೀಡ್ ಎಂಬ ಇಬ್ಬರು ಕಡಲ್ಗಳ್ಳಿಯರಿದ್ದರು. 1720ರಲ್ಲಿ ಜಮೈಕಾದಲ್ಲಿ ಇಬ್ಬರಿಗೂ ಶಿಕ್ಷೆಯಾಗಿ, ಬಸುರಿಯರೆಂಬ ಕಾರಣಕ್ಕೆ ನೇಣು ಮುಂದೆ ಹೋಯಿತು. ನನ್ನ ತಕರಾರು ಬೇರೆ. ಕೆಂಪು ಕೂದಲಿನವಳು ಬಂದೂಕು ಹಿಡಿದು ದೋಚುತ್ತಿರುವುದು ಯಾರನ್ನು? ನಿನ್ನೆ ತನ್ನ ಜೊತೆಗೇ ಸಾಲಿನಲ್ಲಿ ನಿಂತಿದ್ದ ಆ ದಪ್ಪ ಹೆಂಗಸಿನ ಕೋಳಿಗಳನ್ನು! ಕೋಳಿಯನ್ನಾದರೂ ಅವಳಿಗೆ ಬಿಡಬಹುದಿತ್ತು. ಏನಂತೀರಿ?

ಈ ಗಲಾಟೆಯಲ್ಲಿ ಯಾರ ಬಾಯಿಗೂ ಬೀಳದೆ ಉಳಿದ ಒಬ್ಬ ಹೆಣ್ಣುಮಗಳಿದ್ದಾಳೆ. ಬಾವಿಗೆ ಮುಳುಗಿಸಿ ಎತ್ತುತ್ತಾರಲ್ಲ ಆ ಊರ ಮುಖ್ಯಸ್ಥ, ಕಾರ್ಲೋಸ್ ಅಂತ, ಅವನ ಹೆಂಡತಿ. ಮೊದಲು ಕಳ್ಳರು ಅವನನ್ನು ಕೇಳುತ್ತಿದ್ದದ್ದು ನಿಧಿ ಎಲ್ಲಿದೆ ಅಂತ, 2006ರಿಂದ ಜ್ಯಾಕ್ ಸ್ಪ್ಯಾರೋ ಎಲ್ಲಿ ಅಂತ. ಎರಡಕ್ಕೂ ಅವಳು ಮಹಡಿಯ ಕಿಟಕಿ ತೆಗೆದು, ಹೆದರಬೇಡ ಕಾರ್ಲೋಸ್, ಬಾಯಿ ಬಿಡಬೇಡ ಅಂತ ಗಂಡನಿಗೆ ಕೂಗಿ ಹೇಳ್ತಾಳೆ. ಕಳ್ಳರು ಅವಳತ್ತ ಗುಂಡು ಹಾರಿಸ್ತಾರೆ. ಕಿಟಕಿ ಹಾಕ್ಕೋತಾಳೆ, ಮತ್ತೆ ತೆಗೆದು ಕೂಗ್ತಾಳೆ. ನಿಮ್ಮಲ್ಲಿ ಯಾರಾದರೂ ಬಾಣಂತನಕ್ಕೆ ಅಂತ ಆ ಕಡೆ ಹೋದರೆ, ದೋಣಿಯಲ್ಲಿ ಕೂತಾಗ ತಲೆ ಎತ್ತಿ ಅವಳನ್ನೂ ಒಂದು ಸಲ ನೋಡಿ ಬನ್ನಿ.