ವೇಗ ಅಗ್ಗವಾದ ಮೇಲೆ

2025ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಪಾಪೆನ್‌ಬುರ್ಗ್ ಎಂಬಲ್ಲಿಯ ಪರೀಕ್ಷಾಪಥದ ಮೇಲೆ ಚೀನದ ಬಿವೈಡಿ ಸಂಸ್ಥೆಯ ಯಾಂಗ್‌ವಾಂಗ್ ಯು9 ಎಕ್ಸ್‌ಟ್ರೀಮ್ ಎಂಬ ವಿದ್ಯುತ್ ಕಾರು ಗಂಟೆಗೆ 496.22 ಕಿಲೊಮೀಟರು ವೇಗದಲ್ಲಿ ಓಡಿತು. 2019ರಲ್ಲಿ ಬುಗಾಟಿ ಕಾರೊಂದು ಮುಟ್ಟಿದ್ದ 490.48 ಕಿಲೊಮೀಟರಿನ ಗಡಿ ಅಲ್ಲಿಗೆ ಹಿಂದೆ ಬಿದ್ದಿತು. ಇಂಥ ಸುದ್ದಿ ಮೂವತ್ತು ವರ್ಷಗಳ ಹಿಂದೆ ಬಂದಿದ್ದರೆ ಸಿರಿವಂತರ ಗ್ಯಾರೇಜುಗಳಲ್ಲಿ ದೊಡ್ಡ ತಳಮಳವೇ ಏಳುತ್ತಿತ್ತು. ಈಗ ಹಾಗೇನೂ ಆಗಲಿಲ್ಲ. ಓದಿ, ತಲೆದೂಗಿ, ಸುಮ್ಮನಾದವರೇ ಹೆಚ್ಚು.

ಇದರ ಪಕ್ಕದಲ್ಲಿ ಇನ್ನೊಂದು ಸಂಗತಿಯನ್ನಿಟ್ಟು ನೋಡಬೇಕು. 2018ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯದ ಮಾಂಟೆರೆಯಲ್ಲಿ ನಡೆದ ಹರಾಜಿನಲ್ಲಿ 1962ರ ಫೆರಾರಿ 250 ಜಿಟಿಒ ಕಾರೊಂದು 4 ಕೋಟಿ 84 ಲಕ್ಷ ಡಾಲರಿಗೆ ಹೋಯಿತು. ಅದರ ಎಂಜಿನ್ನಿನ ಶಕ್ತಿ ಸುಮಾರು 300 ಅಶ್ವಶಕ್ತಿ. ಇಂದು ಸಂಸಾರವಂದಿಗರು ಮಕ್ಕಳನ್ನು ಶಾಲೆಗೆ ಬಿಡುವ ಕೆಲವು ಕಾರುಗಳಲ್ಲಿಯೂ ಅಷ್ಟು ಇದೆ. ಇನ್ನೂ ಸ್ವಾರಸ್ಯವಾದ ವಿಷಯವೆಂದರೆ, ಜಿಟಿಒ ಕಾರಿನ ಮುಂಬದಿಯ ಫಲಕದಲ್ಲಿ ವೇಗಮಾಪಕವೇ ಇರಲಿಲ್ಲ. ಎಂಜಿನ್ ಎಷ್ಟು ಸುತ್ತು ತಿರುಗುತ್ತಿದೆಯೆಂಬುದನ್ನು ತಿಳಿದರೆ ಓಟಗಾರನಿಗೆ ಸಾಕಿತ್ತು. ಮಿಕ್ಕ ಲೆಕ್ಕವನ್ನು ಎದುರಾಳಿಯ ಕಾರು ಮುಂದಿದೆಯೋ ಹಿಂದಿದೆಯೋ ಎಂಬುದೇ ಹೇಳುತ್ತಿತ್ತು.

ಅಂಕಿಗಳಿಗೆ ಒಂದು ಕಾಲದಲ್ಲಿ ಇದ್ದ ಮಾನ ಸುಳ್ಳಾಗಿರಲಿಲ್ಲ. ಪೆಟ್ರೋಲ್ ಎಂಜಿನ್ನಿನಿಂದ ಇನ್ನೂ ಹತ್ತು ಅಶ್ವಶಕ್ತಿಯನ್ನು ಹಿಂಡಿ ತೆಗೆಯಬೇಕಾದರೆ ಲೋಹದ ಗುಣವನ್ನರಿತವನು, ಉಸಿರಾಟದಂತೆ ಒಳಬಂದು ಹೊರಹೋಗುವ ಗಾಳಿಯ ಹರಿವನ್ನು ಬಲ್ಲವನು, ಶಾಖವನ್ನು ಅಂಕೆಯಲ್ಲಿಡುವವನು, ಹಲ್ಲುಚಕ್ರಗಳನ್ನು ಕೊರೆಯುವವನು ಎಲ್ಲರೂ ಕೂಡಿ ತಿಂಗಳುಗಟ್ಟಲೆ ಹೆಣಗಬೇಕಿತ್ತು. ಅಂಕಿಯು ಆ ಕೂಡು ವಿದ್ಯೆಗೆ ಸಾಕ್ಷಿಯಾಗಿತ್ತು. ವಿದ್ಯುತ್ ಮೋಟಾರು ಬಂದು ಆ ಸಾಕ್ಷಿಯನ್ನು ದುರ್ಬಲಗೊಳಿಸಿತು. ನಿಂತಲ್ಲಿಂದಲೇ ಪೂರ್ಣ ಬಲವನ್ನು ಕೊಡುವುದು ಅದರ ಸಹಜ ಸ್ವಭಾವ. ಮೊಬೈಲು ಫೋನುಗಳಿಗೆ ಹೆಸರಾದ ಶಿಯೋಮಿ ಸಂಸ್ಥೆ 2025ರಲ್ಲಿ ಮಾರಾಟಕ್ಕೆ ತಂದ ನಾಲ್ಕು ಬಾಗಿಲಿನ ಕಾರಿಗೆ 1,548 ಅಶ್ವಶಕ್ತಿ ಇದೆ. ವಿದ್ಯುತ್ ಮೋಟಾರಿನಲ್ಲಿ ಜಾಣ್ಮೆಯಿಲ್ಲವೆಂದು ಇದರ ಅರ್ಥವಲ್ಲ. ಆ ಜಾಣ್ಮೆಗೆ ಅಂಕಿ ಅಳತೆಗೋಲಾಗಲಾರದು, ಅಷ್ಟೆ. ಅಂಕಪಟ್ಟಿಗೂ ವಿದ್ಯೆಗೂ ಇರುವ ಅಂತರವನ್ನು ಬಲ್ಲ ಅಧ್ಯಾಪಕ ಮಿತ್ರರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಬದಲಾವಣೆಯನ್ನು ಮೊದಲು ಅನುಭವಿಸಿದವರಲ್ಲಿ ಕ್ರೊಯೇಷಿಯದ ಮಾಟೆ ರಿಮಾಟ್ಸ್ ಒಬ್ಬರು. ಅವರ ನೆವೇರಾ ಎಂಬ ವಿದ್ಯುತ್ ಕಾರಿಗೆ 1,914 ಅಶ್ವಶಕ್ತಿ. 2023ರಲ್ಲಿ ಅದು ಒಂದೇ ದಿನ 23 ದಾಖಲೆಗಳನ್ನು ಮುರಿಯಿತು. ಮಾಡಬೇಕೆಂದಿದ್ದುದು ಕೇವಲ 150 ಕಾರು. ಆದರೂ 2024ರಲ್ಲಿ ಲಂಡನ್ನಿನ ಸಭೆಯೊಂದರಲ್ಲಿ ಅವರೇ ಎದ್ದು, ಈ ಮಟ್ಟದ ಕಾರು ಕೊಳ್ಳುವವರಿಗೆ ವಿದ್ಯುತ್ ಕಾರು ಬೇಡವಾಗಿದೆಯೆಂದು ಒಪ್ಪಿಕೊಂಡರು. ಅವರು ಕೊಟ್ಟ ಉಪಮೆ ಕೈಗಡಿಯಾರದ್ದು: ಈ ಕಾಲದ ವಿದ್ಯುನ್ಮಾನ ಗಡಿಯಾರ ಸಾವಿರ ಕೆಲಸ ಮಾಡೀತು, ಆದರೆ ಲಕ್ಷಗಟ್ಟಲೆ ಡಾಲರನ್ನು ಜನ ಸುರಿಯುವುದು ಸ್ಪ್ರಿಂಗು ಚಕ್ರಗಳ ಹಳೆಯ ಬಗೆಯದಕ್ಕೇ. ಅದೇ ವರ್ಷ ಅವರ ಮೇಲ್ವಿಚಾರಣೆಯಲ್ಲಿರುವ ಬುಗಾಟಿ ಸಂಸ್ಥೆ ಟೂರ್ಬಿಯೋಂ ಎಂಬ ಹೊಸ ಕಾರನ್ನು ತೋರಿಸಿತು. ಅದರಲ್ಲಿ ವಿದ್ಯುತ್ ಮೋಟಾರುಗಳೂ ಇವೆ. ಆದರೆ ನಡುವೆ ಕುಳಿತಿರುವುದು ಹದಿನಾರು ಸಿಲಿಂಡರುಗಳ ಪೆಟ್ರೋಲ್ ಎಂಜಿನ್. ಫಲಕದ ಮಾಪಕಗಳನ್ನು ಮಾಡಿದವರು ಸ್ವಿಟ್ಜರ್ಲೆಂಡಿನ ಗಡಿಯಾರದ ಕುಶಲಿಗಳು. ವ್ಯಾಪಾರಿಯ ಮೂಗು ಗಾಳಿಯನ್ನು ಬೇಗ ಹಿಡಿಯುತ್ತದೆ.

ಹಾಗಾದರೆ ಈ ಜನ ಬಯಸುವುದೇನನ್ನು? ಪರಂಪರೆ, ಉದ್ದೇಶ ಎಂಬ ಎರಡು ಮಾತುಗಳನ್ನು ಅವರು ಮತ್ತೆ ಮತ್ತೆ ಆಡುತ್ತಾರೆ. ಎರಡರಲ್ಲಿ ಉದ್ದೇಶವೇ ನನಗೆ ಹಿರಿದಾಗಿ ತೋರುತ್ತದೆ. 1987ರ ಫೆರಾರಿ ಎಫ್40 ಕಾರನ್ನೇ ನೋಡಿ. ಎಂಜೊ ಫೆರಾರಿ ಸಾಯುವ ಮುನ್ನ ಒಪ್ಪಿಗೆಯಿತ್ತ ಕೊನೆಯ ಕಾರು ಅದು. ಒಳಗೆ ಕಾಲಡಿಗೆ ಹಾಸಿಲ್ಲ. ಬಾಗಿಲು ತೆರೆಯಲು ಹಿಡಿಯ ಬದಲು ಒಂದು ದಾರ. ಭಾರವನ್ನು ಉಳಿಸುವುದಕ್ಕಾಗಿ ಮಾಡಿದ ಆ ಬಡತನವೇ ಇಂದು ಅದರ ಭೂಷಣವಾಗಿ, ಅದು 20 ಲಕ್ಷ ಡಾಲರಿಗೂ ಮೇಲೆ ಬಾಳುತ್ತದೆ. 1992ರಲ್ಲಿ ಗಾರ್ಡನ್ ಮರ್ರಿ ರೂಪಿಸಿದ ಮೆಕ್ಲಾರೆನ್ ಎಫ್1 ಕಾರಿನಲ್ಲಿ ಚಾಲಕನ ಪೀಠ ನಟ್ಟನಡುವೆ ಇದೆ. ಎಂಜಿನ್ನಿನ ಗೂಡಿಗೆ ಚಿನ್ನದ ತಗಡನ್ನು ಹೊದಿಸಿದೆ. ಇದು ಶೋಕಿಯಲ್ಲ, ಚಿನ್ನ ಶಾಖವನ್ನು ಚೆನ್ನಾಗಿ ಹಿಮ್ಮೆಟ್ಟಿಸುತ್ತದೆ. ಆ ಕಾರು 1998ರಲ್ಲಿ ಗಂಟೆಗೆ 386 ಕಿಲೊಮೀಟರು ಓಡಿ ದಾಖಲೆ ಮಾಡಿತು, ನಿಜ. ಆದರೆ ಮರ್ರಿಯವರು ದಾಖಲೆಯನ್ನು ಗುರಿಯಾಗಿಟ್ಟುಕೊಂಡು ಅದನ್ನು ಕಟ್ಟಿದವರಲ್ಲ. 2020ರಲ್ಲಿ ಅವರು ಹೊರತಂದ ಟಿ.50 ಕಾರಿಗೂ ವೇಗದ ಗುರಿಯನ್ನಿಡಲಿಲ್ಲ. ಸಾವಿರ ಕಿಲೊಗ್ರಾಮಿನೊಳಗಿನ ಭಾರ, ಕೈಯಿಂದಲೇ ಬದಲಿಸುವ ಗೇರು, ನಿಮಿಷಕ್ಕೆ 12,100 ಸುತ್ತು ತಿರುಗುವ ಎಂಜಿನ್ ಸಾಕೆಂದರು. ಇಂಥ ಕಾರಿನ ಯಾವ ಅಂಗವನ್ನು ತೋರಿಸಿ 'ಇದೇಕೆ?' ಎಂದು ಕೇಳಿದರೂ ಉತ್ತರವುಂಟು. ಬಹುಕಾಲ ಬಾಳುವ ವಸ್ತುವಿನ ಲಕ್ಷಣ ಬಹುಶಃ ಇದು.

ಪರಂಪರೆಯ ಮಾತು ಇಷ್ಟು ಶುದ್ಧವಲ್ಲ. ಜಿಟಿಒ ಎಂಬ ಹೆಸರಿನ ಕೊನೆಯ ಅಕ್ಷರಕ್ಕೆ ಇಟಲಿಯ ಭಾಷೆಯಲ್ಲಿ 'ಅಂಗೀಕೃತ' ಎಂದು ಅರ್ಥ. ಆ ವರ್ಗದ ಓಟಕ್ಕೆ ಅಂಗೀಕಾರ ಬೇಕಾದರೆ ನೂರು ಕಾರುಗಳನ್ನು ಮಾಡಿರಬೇಕೆಂಬುದು ನಿಯಮ. ಫೆರಾರಿಯವರು ಮಾಡಿದ್ದು ಮೂವತ್ತಾರು. ಇದು ಹೊಸ ಕಾರಲ್ಲ, ಹಳೆಯ 250 ಜಿಟಿಯ ಇನ್ನೊಂದು ರೂಪವೆಂದು ವಾದಿಸಿ ಗೆದ್ದರು. ಇಂದು ಜನ ಕೈಮುಗಿಯುವ ಆ ಪರಂಪರೆ ಒಂದು ಕಚೇರಿಯ ಕಾಗದದ ಮೇಲಿನ ಚಮತ್ಕಾರದಿಂದ ಮೊದಲಾಯಿತು.

ಇದಕ್ಕಿಂತಲೂ ಗಂಭೀರವಾದ ಕಥೆ ಮರ್ಸಿಡಿಸ್ 300 ಎಸ್ಎಲ್ಆರ್ ಕಾರಿನದು. 1955ರ ಜೂನ್ 11ರಂದು ಫ್ರಾನ್ಸಿನ ಲೆ ಮಾನ್ ಓಟದಲ್ಲಿ ಆ ಬಗೆಯ ಕಾರೊಂದು ಪ್ರೇಕ್ಷಕರ ನಡುವೆ ಸಿಡಿದು ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಆ ವರ್ಷದ ಕೊನೆಗೆ ಸಂಸ್ಥೆ ಓಟದ ಕಣವನ್ನೇ ಬಿಟ್ಟಿತು. ಮುಂದಿನ ಓಟಗಳಿಗೆಂದು ಮೇಲ್ಛಾವಣಿಯಿಟ್ಟು ಕಟ್ಟಿದ್ದ ಎರಡು ಕಾರುಗಳು ಕಣಕ್ಕಿಳಿಯಲೇ ಇಲ್ಲ. ಎಂಜಿನಿಯರ್ ರೂಡೊಲ್ಫ್ ಊಲೆನ್‌ಹೌಟ್ ಒಂದನ್ನು ತಮ್ಮ ಓಡಾಟಕ್ಕೆ ಬಳಸಿದರು. 2022ರ ಮೇ ತಿಂಗಳಲ್ಲಿ ಅವೆರಡರಲ್ಲೊಂದು 13.5 ಕೋಟಿ ಯೂರೊಗೆ ಮಾರಾಟವಾಯಿತು. ಅದುವರೆಗೆ ಹರಾಜಿನಲ್ಲಿ ಯಾವ ಕಾರಿಗೂ ಅಷ್ಟು ಬೆಲೆ ಬಂದಿರಲಿಲ್ಲ. ಓಟಕ್ಕಾಗಿಯೇ ಹುಟ್ಟಿ ಒಂದು ಓಟವನ್ನೂ ಓಡದ ಕಾರು! ಉದ್ದೇಶಕ್ಕೆ ಬೆಲೆ ಕೊಡುತ್ತೇವೆನ್ನುವವರು ಇಲ್ಲಿ ಕೊಟ್ಟದ್ದು ಈಡೇರದ ಉದ್ದೇಶಕ್ಕೆ. ಹಣ ವಿದ್ಯಾರ್ಥಿವೇತನದ ನಿಧಿಗೆ ಹೋಯಿತೆಂಬುದು ಸಮಾಧಾನದ ಸಂಗತಿ.

ಸಂಸ್ಥೆಗಳು ಪರಂಪರೆಯನ್ನು ಈಗ ಕಾರ್ಖಾನೆಯಲ್ಲೇ ತಯಾರಿಸತೊಡಗಿವೆ. 1957ರಲ್ಲಿ ಜಾಗ್ವಾರ್ ಕಾರ್ಖಾನೆಗೆ ಬೆಂಕಿ ಬಿದ್ದು ಒಂಬತ್ತು ಎಕ್ಸ್‌ಕೆಎಸ್ಎಸ್ ಕಾರುಗಳು ಸುಟ್ಟುಹೋದವು. ಅವುಗಳಿಗೆ ಬದಲಾಗಿ ಅರವತ್ತು ವರ್ಷಗಳ ಮೇಲೆ ಒಂಬತ್ತು ಹೊಸ ಕಾರುಗಳನ್ನು ಹಳೆಯ ಮಾದರಿಯಲ್ಲೇ ಕಟ್ಟಿ, ತಲಾ ಹತ್ತು ಲಕ್ಷ ಪೌಂಡಿಗೂ ಮೇಲೆ ಮಾರಿದರು. ಕೊಂಡವನಿಗೆ ದೊರೆತುದು ಬೂದಿಯಾದ ಕಾರಿನ ಪುನರ್ಜನ್ಮವೋ ಬರಿಯ ವೇಷವೋ ಹೇಳುವುದು ಕಷ್ಟ. ಕೆಲಸಗಾರರ ಕೈಗೆ ಹಳೆಯ ವಿದ್ಯೆ ಮರಳಿತೆಂಬ ಒಂದು ಲಾಭವಂತೂ ಉಂಟು.

ನನ್ನ ನಿಜವಾದ ತಕರಾರು ಉಗ್ರಾಣಗಳ ಮೇಲೆ. ಎಷ್ಟು ಕಡಿಮೆ ಓಡಿದ್ದರೆ ಅಷ್ಟು ಹೆಚ್ಚು ಬೆಲೆ ಎಂಬುದು ಈ ಪೇಟೆಯ ರೂಢಿ. ಆದ್ದರಿಂದ ಸಂಗ್ರಹಕಾರರು ಕಾರನ್ನು ಹದವಾದ ಹವೆಯ ಕೊಠಡಿಯಲ್ಲಿಟ್ಟು ಬೀಗ ಹಾಕುತ್ತಾರೆ. ಉದ್ದೇಶದ ಹೆಸರಿನಲ್ಲಿ ಕೊಂಡು, ಉದ್ದೇಶದಿಂದಲೇ ಅದನ್ನು ದೂರವಿಡುವ ವಿಚಿತ್ರವಿದು. ನಮ್ಮೂರುಗಳ ತೇರೂ ವರ್ಷವೆಲ್ಲ ತಗಡಿನ ಮರೆಯಲ್ಲಿ ನಿಂತಿರುತ್ತದೆ. ಆದರೆ ಒಂದು ದಿನ ಹಗ್ಗ ಕಟ್ಟಿ ಎಳೆಯಲೇಬೇಕು, ಎಳೆಯದಿದ್ದರೆ ಊರು ಸುಮ್ಮನಿರುವುದಿಲ್ಲ. ಈ ಕಾರುಗಳಿಗೆ ಅಂಥ ಒಂದು ದಿನವೂ ಇಲ್ಲ, ಕೇಳುವ ಊರೂ ಇಲ್ಲ.

ಎಲ್ಲರೂ ಹೀಗಲ್ಲ. ಪಿಂಕ್ ಫ್ಲಾಯ್ಡ್ ತಂಡದ ಡ್ರಮ್ ವಾದಕ ನಿಕ್ ಮೇಸನ್ ಜಿಟಿಒ ಕಾರೊಂದನ್ನು ಕೊಂಡದ್ದು 1970ರ ದಶಕದಲ್ಲಿ. ಅದರ ಬೆಲೆ ನೂರಾರು ಪಟ್ಟು ಏರಿದ ಮೇಲೂ ಅವರು ಅದನ್ನು ಓಟದ ಕಣಕ್ಕೆ ಒಯ್ಯುವುದನ್ನು ಬಿಡಲಿಲ್ಲ. ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ 1998ರಿಂದ ಸೆಪ್ಟೆಂಬರಿನಲ್ಲಿ ಹಳೆಯ ಕಾರುಗಳ ಓಟ ನಡೆಯುತ್ತದೆ. ಆ ಪಥದಲ್ಲಿ 1948ರಿಂದ 1966ರವರೆಗೆ ಓಡುತ್ತಿದ್ದ ಬಗೆಯ ಕಾರುಗಳಿಗೆ ಮಾತ್ರ ಅಲ್ಲಿ ಪ್ರವೇಶ. ಮಳೆ ಬಂದರೂ ಓಟ ನಿಲ್ಲದು. ತಿರುವಿನಲ್ಲಿ ಚಕ್ರ ಜಾರುತ್ತದೆ, ಒಂದರ ಮೈಗೆ ಇನ್ನೊಂದು ತಾಗುತ್ತದೆ, ಕೋಟಿ ಬೆಲೆಯ ಅಲ್ಯುಮಿನಿಯಮ್ ನಜ್ಜುಗುಜ್ಜಾಗುತ್ತದೆ. ಚಳಿಗಾಲದಲ್ಲಿ ಕಮ್ಮಟದವರು ಅದನ್ನು ಬಡಿದು ನೇರ ಮಾಡುತ್ತಾರೆ.