ಹಂಚಿಕೆ ಮೇಜಿನ ಪದ್ಧತಿ: ಕಾರ್ಮಿಕ ಆಯುಕ್ತರಿಗೆ ಮನವಿ ಪತ್ರ

ಇವರಿಗೆ,
ಕಾರ್ಮಿಕ ಆಯುಕ್ತರು,
ಕಾರ್ಮಿಕ ಇಲಾಖೆ, ಕರ್ನಾಟಕ ಸರ್ಕಾರ,
ಕಾರ್ಮಿಕ ಭವನ, ಬನ್ನೇರುಘಟ್ಟ ರಸ್ತೆ, ಬೆಂಗಳೂರು.

ಇವರಿಂದ,
ಹೊರವರ್ತುಲ ರಸ್ತೆಯ ಐಟಿ ಕಂಪನಿಯೊಂದರ ನೌಕರರು
(ಕಂಪನಿಯ ಹೆಸರು ಮತ್ತು ನಮ್ಮ ಸಹಿಗಳು ಮುಚ್ಚಿದ ಲಕೋಟೆಯಲ್ಲಿವೆ)

ವಿಷಯ: ಜಾಗ ಉಳಿತಾಯದ ಹೆಸರಿನಲ್ಲಿ ನೌಕರರ ಮೇಜು ತೆಗೆದಿರುವುದರಿಂದ ಆಗುತ್ತಿರುವ ತೊಂದರೆ ಕುರಿತು.

ಮಾನ್ಯರೇ,

ಮೆಜೆಸ್ಟಿಕ್‌ನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಹಾಕಿ ಸೀಟು ಹಿಡಿಯುವುದನ್ನು ತಾವು ನೋಡಿರುತ್ತೀರಿ. ನಾವೀಗ ಅದನ್ನೇ ಆ್ಯಪ್‌ನಲ್ಲಿ ಮಾಡುತ್ತಿದ್ದೇವೆ. ರಾತ್ರಿ 12ಕ್ಕೆ ಬುಕಿಂಗ್ ಶುರುವಾಗುತ್ತದೆ. ಹತ್ತು ನಿಮಿಷ ತಡವಾದರೆ ಉಳಿಯುವುದು ಕ್ಯಾಂಟೀನ್ ಬಾಗಿಲ ಪಕ್ಕದ ಸಾಲು. ಅದೂ ಸಿಗದವರು ಲ್ಯಾಪ್‌ಟಾಪ್ ಹಿಡಿದು ಮೀಟಿಂಗ್ ಕೋಣೆಗಳ ಹೊರಗೆ ಕಾಯುತ್ತಾರೆ.

ಮೊದಲು ಪ್ರತಿಯೊಬ್ಬರಿಗೂ ಒಂದು ಮೇಜಿತ್ತು. ಕಂಪನಿ ಎರಡು ಮಹಡಿಗಳನ್ನು ಕಟ್ಟಡದ ಮಾಲೀಕರಿಗೆ ಬಿಟ್ಟುಕೊಟ್ಟ ಮೇಲೆ 10 ಜನರಿಗೆ 6 ಮೇಜು ಉಳಿದಿವೆ. ವಾರದ ಸರಾಸರಿ ಹಾಜರಾತಿಗೆ ಇಷ್ಟು ಸಾಕು ಎನ್ನುವುದು ಆಡಳಿತದ ಲೆಕ್ಕ. ಆದರೆ ವಾರಕ್ಕೆ ಮೂರು ದಿನ ಬರಲೇಬೇಕೆಂದು ಹೇಳಿದವರೂ, ಇಡೀ ತಂಡ ಒಂದೇ ದಿನ ಬರಬೇಕೆಂದು ಹೇಳಿದವರೂ ಅವರೇ. ಹಾಗಾಗಿ ಮಂಗಳವಾರದಿಂದ ಗುರುವಾರದವರೆಗೆ ಕಾಲಿಡಲು ಜಾಗವಿಲ್ಲ, ಶುಕ್ರವಾರ ಬಿಕೋ ಎನ್ನುತ್ತದೆ. ಶುಕ್ರವಾರದ ಖಾಲಿ ಕುರ್ಚಿಯ ಮೇಲೆ ಮಂಗಳವಾರ ಕೂರಲು ಬರುವುದಿಲ್ಲ. ಹಿರಿಯ ಅಧಿಕಾರಿಗಳ ಗಾಜಿನ ಕೋಣೆಗಳು ಈ ಹಂಚಿಕೆಗೆ ಬಂದಿಲ್ಲ ಎಂಬುದನ್ನೂ ತಮ್ಮ ಗಮನಕ್ಕೆ ತರುತ್ತಿದ್ದೇವೆ.

ಬಾಡಿಗೆಯಲ್ಲಿ ಉಳಿದ ಹಣವನ್ನು ನಾವು ಬೇರೆ ರೂಪದಲ್ಲಿ ಕಟ್ಟುತ್ತಿದ್ದೇವೆ. ಸಿಲ್ಕ್ ಬೋರ್ಡ್ ದಾಟಿ ಬಂದವರು ಮೇಜು ಹುಡುಕಿ, ಹಿಂದಿನವರ ಚೂರುಪಾರು ಒರೆಸಿ, ಕುರ್ಚಿಯ ಎತ್ತರ ಸರಿಮಾಡಿ, ಕೆಲಸ ಮಾಡುವ ಕೇಬಲ್ ಹುಡುಕಿ ಕೂರುವಷ್ಟರಲ್ಲಿ ಅರ್ಧ ಗಂಟೆ ಹೋಗಿರುತ್ತದೆ. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ದಿನಕ್ಕೆ 9 ಗಂಟೆಯ ಮಿತಿ ಹಾಕಿದೆ. ಈ ಅರ್ಧ ಗಂಟೆ ಆ ಲೆಕ್ಕಕ್ಕೆ ಬರುವುದಿಲ್ಲ. ಸಂಜೆ ಕೂತು ತುಂಬಿಕೊಡಬೇಕು. ಬೆನ್ನುನೋವಿಗೆಂದು ವೈದ್ಯರ ಚೀಟಿ ತಂದು ವಿಶೇಷ ಕುರ್ಚಿ ಪಡೆದವರಿದ್ದಾರೆ. ಆ ಕುರ್ಚಿ ಈಗ ಯಾವ ಮೂಲೆಯಲ್ಲಿದೆಯೋ, ದಿನಾ ಬೆಳಿಗ್ಗೆ ಹುಡುಕುತ್ತಾರೆ.

ಎಲ್ಲಕ್ಕಿಂತ ನಮ್ಮನ್ನು ಕಾಡಿದ್ದು ದೃಷ್ಟಿಯಿಲ್ಲದ ಸಹೋದ್ಯೋಗಿಯೊಬ್ಬರ ಪಾಡು. ಲಿಫ್ಟಿನಿಂದ ತಮ್ಮ ಮೇಜಿಗೆ ಎಷ್ಟು ಹೆಜ್ಜೆ, ಕಂಬ ಎಲ್ಲಿ, ನೀರಿನ ಕ್ಯಾನ್ ಎಲ್ಲಿ ಎಂಬುದೆಲ್ಲ ಅವರಿಗೆ ಕರತಲಾಮಲಕವಾಗಿತ್ತು. ಒಂದು ಸುತ್ತೋಲೆ ಬಂದದ್ದೇ ತಡ, ವರ್ಷಗಳಿಂದ ಒಬ್ಬರೇ ಓಡಾಡುತ್ತಿದ್ದವರು ಪ್ರತಿದಿನ ಯಾರದಾದರೂ ಕೈ ಹಿಡಿಯಬೇಕಾಯಿತು. ಬುಕಿಂಗ್ ಆ್ಯಪ್‌ನ ನಕ್ಷೆಯನ್ನು ಅವರ ಸ್ಕ್ರೀನ್ ರೀಡರ್ ಓದುವುದೂ ಇಲ್ಲ. ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ ಪ್ರಕಾರ ಸಮಾನ ಅವಕಾಶ ನೀತಿ ಖಾಸಗಿ ಸಂಸ್ಥೆಗಳಿಗೂ ಕಡ್ಡಾಯ. ನಮ್ಮಲ್ಲಿ ಆ ನೀತಿ ಇದೆ. ಮೇಜಿನ ವಿಷಯ ಮಾತ್ರ ಅದರಲ್ಲಿಲ್ಲ.

ಮೇಜು ಹಂಚಿಕೊಂಡರೆ ಜನ ಬೆರೆಯುತ್ತಾರೆ, ಹೊಸ ಆಲೋಚನೆ ಹುಟ್ಟುತ್ತದೆ ಎಂಬ ಸಮರ್ಥನೆಯೂ ಉಂಟು. ಹಾರ್ವರ್ಡ್‌ನ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗೋಡೆಗಳನ್ನು ತೆಗೆದ ಕಚೇರಿಗಳಲ್ಲಿ ಮುಖಾಮುಖಿ ಮಾತು ಸುಮಾರು ಶೇಕಡ 70ರಷ್ಟು ಇಳಿದು ಇಮೇಲ್ ಏರಿತ್ತು. ಅದು ತೆರೆದ ಕಚೇರಿಯ ಕಥೆ. ಮೇಜನ್ನೇ ತೆಗೆದವರ ಕಥೆ ಇನ್ನೂ ಹಳೆಯದು. ಲಾಸ್ ಏಂಜಲೀಸ್‌ನ ಷಯಟ್/ಡೇ ಜಾಹೀರಾತು ಸಂಸ್ಥೆ 1994ರಲ್ಲಿ ಸ್ವಂತ ಮೇಜುಗಳನ್ನು ರದ್ದುಮಾಡಿ, ಪ್ರತಿ ಬೆಳಿಗ್ಗೆ ಫೋನು, ಲ್ಯಾಪ್‌ಟಾಪ್‌ಗಳನ್ನು ಕೌಂಟರಿನಲ್ಲಿ ಪಡೆಯುವಂತೆ ಮಾಡಿತು. ನೌಕರರು ಕಡತಗಳನ್ನು ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಓಡಾಡಿದರು. ಕೆಲವೇ ವರ್ಷಗಳಲ್ಲಿ ಆ ಪ್ರಯೋಗ ಮುಗಿದು, 1998ರ ಹೊಸ ಕಚೇರಿಯಲ್ಲಿ ಮೇಜುಗಳು ಮರಳಿದವು. ನಮ್ಮಲ್ಲಿ ಕಾಲೇಜು ಮುಗಿಸಿ ಬಂದ ಹುಡುಗರಿಗೆ ಯಾರನ್ನು ಕೇಳಬೇಕೆಂದೇ ತಿಳಿಯದು. ನಿನ್ನೆ ಪಕ್ಕದಲ್ಲಿದ್ದವರು ಇಂದು ಬೇರೆ ಮಹಡಿಯಲ್ಲಿರುತ್ತಾರೆ.

ಖಾಲಿ ಮೇಜಿಗೂ ಬಾಡಿಗೆ ಕಟ್ಟಬೇಕೆಂಬುದು ನಮಗೆ ಗೊತ್ತು. ವಾರಕ್ಕೊಮ್ಮೆ ಬರುವವರು ಮೇಜು ಹಂಚಿಕೊಳ್ಳುವುದಕ್ಕೆ ನಮ್ಮ ತಕರಾರಿಲ್ಲ. ನಮ್ಮ ಬೇಡಿಕೆಗಳು ಇವು:

ಸರ್ಕಾರ 2024ರ ಜೂನ್‌ನಲ್ಲಿ ಐಟಿ ಉದ್ಯಮಕ್ಕೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಮತ್ತೆ 5 ವರ್ಷ ವಿನಾಯಿತಿ ಕೊಡುವಾಗ ಕುಂದುಕೊರತೆ ಸಮಿತಿ ಇರಬೇಕು, ಸೇವಾ ಷರತ್ತುಗಳ ಮಾಹಿತಿಯನ್ನು ಇಲಾಖೆ ಕೇಳಿದಾಗ ಕೊಡಬೇಕು ಎಂದು ಷರತ್ತು ಹಾಕಿತ್ತು. ಆ ಅಧಿಕಾರ ಬಳಸಿ ದಿನವಾರು ಹಾಜರಾತಿ ಮತ್ತು ಮೇಜುಗಳ ಸಂಖ್ಯೆಯನ್ನು ತಾವು ತರಿಸಿಕೊಳ್ಳಬೇಕು. ಸರಾಸರಿ ಬೇಡ.

ವಿಕಲಚೇತನರು, ಗರ್ಭಿಣಿಯರು, ವೈದ್ಯರ ಚೀಟಿ ಇರುವವರು ಮತ್ತು ವಾರಕ್ಕೆ ಮೂರು ದಿನ ಅಥವಾ ಹೆಚ್ಚು ಬರಬೇಕಾದವರಿಗೆ ಕಾಯಂ ಮೇಜು ಕೊಡಿಸಬೇಕು.

ಮೇಜು ಸಿಗದ ದಿನ ಮನೆಯಿಂದ ಮಾಡಿದ ಕೆಲಸವನ್ನು ಹಾಜರಾತಿಯೆಂದು ಪರಿಗಣಿಸಬೇಕು. ಬುಕಿಂಗ್ ದಾಖಲೆಯನ್ನು ಶಿಸ್ತುಕ್ರಮಕ್ಕೆ ಬಳಸಕೂಡದು.

ಸ್ಥಳ ಪರಿಶೀಲನೆಗೆ ಅಧಿಕಾರಿಗಳನ್ನು ಕಳಿಸುವುದಾದರೆ ದಯವಿಟ್ಟು ಮಂಗಳವಾರ ಬೆಳಿಗ್ಗೆ 10.30ಕ್ಕೆ, ಮುನ್ಸೂಚನೆಯಿಲ್ಲದೆ ಕಳಿಸಬೇಕೆಂದು ಕೋರುತ್ತೇವೆ. ಅವರಿಗೆ ಕೂರಲು ಕುರ್ಚಿ ಸಿಗದಿದ್ದರೆ ಕ್ಷಮೆಯಿರಲಿ.


ತಮ್ಮ ವಿಶ್ವಾಸಿಗಳು