1.68 ಗ್ರಾಂ ತಪ್ಪು ಉತ್ತರವೇ?

ಹೇಮಗಿರಿ ಕಡೆಯ ಪ್ರೌಢಶಾಲೆಯೊಂದರಲ್ಲಿ ಹತ್ತನೇ ತರಗತಿಗೆ ಸ್ಫಟಿಕೀಕರಣ ನೀರಿನ ಪಾಠ ನನ್ನ ಪಾಲಿಗೆ ಬಂತು. ಸಾಮಾನ್ಯವಾಗಿ ಎಲ್ಲರೂ ಮೈಲುತುತ್ತ ಕಾಯಿಸುತ್ತಾರೆ. ನೀಲಿ ಬಿಳಿಯಾಗುತ್ತದೆ, ನಾಲ್ಕು ಹನಿ ನೀರು ಬಿದ್ದರೆ ಮತ್ತೆ ನೀಲಿ, ಪಾಠ ಮುಗಿಯಿತು. ನಾನು ಪೊಟ್ಯಾಸಿಯಮ್ ಪೆಂಟಾಬೋರೇಟ್ ಆರಿಸಿಕೊಂಡೆ. ಇಟಲಿಯಲ್ಲಿ ಇದು ಸ್ಯಾಂಟೈಟ್ ಎಂಬ ಖನಿಜವಾಗಿ ಸಿಗುತ್ತದೆ. ನಮಗೆ ಅಷ್ಟು ದೂರ ಹೋಗಬೇಕಿಲ್ಲ, ಕೇರಂ ಬೋರ್ಡಿಗೆ ಉದುರಿಸುವ ಬೋರಿಕ್ ಪುಡಿಯಿಂದಲೇ ಮಾಡಬಹುದು.

ಹಿಂದಿನ ದಿನ ಮಕ್ಕಳ ಎದುರೇ 40 ಮಿ.ಲೀ. ಬಿಸಿನೀರಿನಲ್ಲಿ 6.2 ಗ್ರಾಂ ಬೋರಿಕ್ ಆಮ್ಲ ಕರಗಿಸಿ, 1.4 ಗ್ರಾಂ ಪೊಟ್ಯಾಸಿಯಮ್ ಕಾರ್ಬೊನೇಟನ್ನು ಸ್ವಲ್ಪಸ್ವಲ್ಪವೇ ಹಾಕಿ ಕುದಿಸಿದೆ. ಗುಳ್ಳೆಯೆದ್ದು ಇಂಗಾಲದ ಡೈಆಕ್ಸೈಡ್ ಹೋಯಿತು. ಆರಲು ಬಿಟ್ಟರೆ ಬೆಳಗ್ಗೆ ತಳದಲ್ಲಿ ಬಿಳಿ ಹರಳು. (ಬೋರಿಕ್ ಪುಡಿ ಬಾಯಿಗೆ ಹೋಗಬಾರದು, ಆ ಪಾತ್ರೆ ಮತ್ತೆ ಅಡುಗೆಗೆ ಬೇಡ.)

ಸೂತ್ರದಲ್ಲಿ ನಾಲ್ಕು ನೀರು, ತೂಕದಲ್ಲಿ ಶೇ. 24.6. ಒಣಗಿದ 2 ಗ್ರಾಂ ಹರಳು ಕಾಯಿಸಿದರೆ 1.51 ಗ್ರಾಂ ಉಳಿಯಬೇಕು. ನನ್ನ ಪಾಠ ಯೋಜನೆಯ 'ನಿರೀಕ್ಷಿತ ಉತ್ತರ'ದ ಕಾಲಂನಲ್ಲಿ ಹಾಗೇ ಬರೆದಿದ್ದೆ. ತಕ್ಕಡಿ ತೋರಿಸಿದ್ದು 1.68. ಚಾಕ್ ಹಿಡಿದ ಕೈ 1.51 ಎಂದೇ ಬರೆಯಲು ಹೊರಟಿತ್ತು, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ಆಲೆಮನೆಯವರ ಹುಡುಗನೊಬ್ಬ, "ಇನ್ನೂ ಹದ ಬಂದಿಲ್ಲ ಮಿಸ್, ಇನ್ನೊಂದ್ಸಲ ಕಾಯ್ಸಿ" ಅಂದ. ಕಾಯಿಸಿದೆವು: 1.62. ಗಂಟೆ ಹೊಡೆಯಿತು.

ಹುಡುಗ ಹೇಳಿದ್ದು ಸರಿಯಾಗಿತ್ತು. ಈ ಹರಳಿನೊಳಗೆ ನಾಲ್ಕು ನೀರೂ ನೀರಾಗಿ ಕುಳಿತಿಲ್ಲ. ಎರಡು ಮಾತ್ರ ನೀರಿನ ಅಣುಗಳು. ಉಳಿದೆರಡರ ಪಾಲು ಬೋರಾನಿಗೆ ಅಂಟಿದ ಹೈಡ್ರಾಕ್ಸಿಲ್ ಗುಂಪುಗಳಾಗಿರುತ್ತದೆ. ಬಂಧ ಮುರಿದು ಎರಡೆರಡು ಸೇರಿದ ಮೇಲಷ್ಟೇ ಅವು ನೀರಾಗಿ ಹೊರಬರುತ್ತವೆ. ಅದಕ್ಕೆ ಹೆಚ್ಚು ಶಾಖ ಬೇಕು, ನಮ್ಮ ಸ್ಪಿರಿಟ್ ಲ್ಯಾಂಪಿಗೆ ಅಷ್ಟು ಕಸುವಿಲ್ಲ. ಸೂತ್ರದ ಕೊನೆಯಲ್ಲಿ ಚುಕ್ಕಿ ಇಟ್ಟು ನೀರು ಬರೆಯುವ ನಮ್ಮ ಪದ್ಧತಿ ಇದನ್ನು ಮುಚ್ಚಿಡುತ್ತದೆ.

ಪಾಠ ವೀಕ್ಷಿಸಿದವರು 'ಪ್ರಯೋಗ ವಿಫಲ, ಉದ್ದೇಶ ಈಡೇರಿಲ್ಲ' ಎಂದು ಷರಾ ಬರೆದರು. ನಲವತ್ತು ನಿಮಿಷದ ಅವಧಿಯಲ್ಲಿ ಪಾಠ ಮುಗಿಯಬೇಕೆಂಬ ಅವರ ಮಾತನ್ನು ಒಪ್ಪುತ್ತೇನೆ, ಷರಾವನ್ನು ಒಪ್ಪಲಾರೆ. ನಿರೀಕ್ಷಿತ ಉತ್ತರದ ಪಕ್ಕದಲ್ಲಿ 'ಬಂದ ಉತ್ತರ' ಎಂಬ ಕಾಲಂ ಬೇಕು, ಅದಕ್ಕೂ ಅಂಕವಿರಬೇಕು. ಇಲ್ಲದಿದ್ದರೆ ಪ್ರಶಿಕ್ಷಣಾರ್ಥಿಗಳಾದ ನಾವು ಮಕ್ಕಳ ಎದುರಿಗೇ ತಕ್ಕಡಿಯನ್ನು ತಿದ್ದುತ್ತೇವೆ. ಆ ಬಟ್ಟಲನ್ನು ಕಾಲೇಜಿಗೆ ತಂದಿದ್ದೇನೆ. ಬರ್ನರ್ ಮೇಲೆ ತೂಕ ನಿಲ್ಲುವವರೆಗೆ ಕಾಯಿಸಿ, ಬಂದ ಅಂಕಿಯನ್ನು ಆ ಹುಡುಗನಿಗೆ ತಿಳಿಸಬೇಕಿದೆ.